ಅವ್ವನ ಕೈಗಂಟಿನ ರಿಪೋರ್ಟ್‌ನಲ್ಲಿ ‘ಅಟಿಪಿಯಾ’ ಅಂತಿದೆ, ಮತ್ತೆ ಆಪರೇಷನ್ ಬೇಕಾ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಮ್ಮದು ಜೇವರ್ಗಿ ಹತ್ತಿರದ ಹಳ್ಳಿ. ನಮ್ಮ ಅವ್ವಗೆ 58 ವರ್ಷ. ಬಲಗೈಯಲ್ಲಿ, ಮೊಣಕೈಗಿಂತ ಸ್ವಲ್ಪ ಮೇಲೆ ಒಳಬದಿಗೆ, ಹತ್ತು ಹನ್ನೆರಡು ವರ್ಷದಿಂದ ಒಂದು ಗಂಟು ಇತ್ತು. ಒತ್ತಿದರೆ ಕಿರುಬೆರಳಿನ ತನಕ ಜುಮ್ ಅನ್ನುತ್ತಿತ್ತು. ಕಲಬುರಗಿಯಲ್ಲಿ ಆಪರೇಷನ್ ಮಾಡಿ ತೆಗೆದರು. ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಶ್ವಾನ್ನೋಮಾ ವಿತ್ ಏನ್ಶಿಯಂಟ್ ಚೇಂಜ್, ಫೋಕಲ್ ಸೂಡೋಗ್ಲಾಂಡ್ಯುಲರ್ ಏರಿಯಾಸ್, ಮಾರ್ಕ್ಡ್ ನ್ಯೂಕ್ಲಿಯರ್ ಅಟಿಪಿಯಾ, ನೋ ಮೈಟೋಸಿಸ್, ನೋ ನೆಕ್ರೋಸಿಸ್, ಎಸ್-100 ಡಿಫ್ಯೂಸ್ ಪಾಸಿಟಿವ್’ ಅಂತ ಇದೆ. ಅಟಿಪಿಯಾ ಅಂದರೆ ಕ್ಯಾನ್ಸರ್ ಶುರು ಆಗಿದೆ ಅಂತ ಮೊಬೈಲ್‌ನಲ್ಲಿ ಓದಿದೆವು. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ, ಸುತ್ತಲಿನ ಮಾಂಸ ಸಮೇತ ಇನ್ನೊಮ್ಮೆ ದೊಡ್ಡದಾಗಿ ತೆಗೆಸಿಬಿಡೋಣ ಅಂತ ಸೋದರಮಾವ ಹೇಳುತ್ತಿದ್ದಾರೆ. ಏನು ಮಾಡೋಣ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದಿರುವಂತೆ ರಿಪೋರ್ಟ್ ಇದ್ದರೆ ಇದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್‌ನ ಶುರುವೂ ಅಲ್ಲ. ದೊಡ್ಡ ಆಪರೇಷನ್ ಬೇಡ. ಅನುಮಾನ ಹೋಗದಿದ್ದರೆ ಅವ್ವನ ಬದಲು ಗಂಟಿನ ತುಂಡು ಇರುವ ಗಾಜಿನ ಸ್ಲೈಡ್‌ಗಳನ್ನ ಮೈಕ್ರೋಸ್ಕೋಪ್ ನೋಡಿ ರಿಪೋರ್ಟ್ ಬರೆಯುವ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ಅದು ಹೇಗೆ ಅಂತ ಕೊನೆಯಲ್ಲಿ ಬರೆದಿದ್ದೇನೆ.

ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ನೀವು ಹೇಳಿದ ಜಾಗ ಮತ್ತು ಕಿರುಬೆರಳಿನ ಜುಮ್ ನೋಡಿದರೆ ಆ ಗಂಟು ಅಲ್ನಾರ್ ನರದ್ದು. ‘ಸುತ್ತಲಿನ ಮಾಂಸ ಸಮೇತ’ ತೆಗೆಯೋದು ಅಂದರೆ ಆ ನರವನ್ನೂ ಕತ್ತರಿಸೋದು. ಅಲ್ನಾರ್ ನರ ಹೋದರೆ ಕಿರುಬೆರಳು, ಉಂಗುರದ ಬೆರಳು ಮಡಚಿಕೊಂಡು ಬಿಡುತ್ತವೆ, ಹಿಡಿತ ಸಡಿಲ ಆಗುತ್ತದೆ. ರೊಟ್ಟಿ ಬಡಿಯುವ ಕೈ ಅದು. ತೊಗರಿ ಕೊಯ್ಯುವ ಕೈ ಅದು. ಇಲ್ಲದ ಕ್ಯಾನ್ಸರ್‌ಗೆ ಹೆದರಿ ಆ ಕೈ ಕಳೆದುಕೊಳ್ಳುವ ಮಾತು ಬೇಡವೇ ಬೇಡ.

ಈಗ ಒಂದೊಂದಾಗಿ ನೋಡೋಣ. ನಮ್ಮ ನರಗಳ ಎಳೆಗಳಿಗೆ ಹೊದಿಕೆ ಹಾಕುವ ಕೋಶಗಳಿಗೆ ಶ್ವಾನ್ ಕೋಶ ಅಂತಾರೆ. ಅವೇ ಒಂದು ಕಡೆ ಗುಂಪು ಕಟ್ಟಿ ಬೆಳೆದರೆ ಶ್ವಾನ್ನೋಮಾ. ಹಳೆಯ ರಿಪೋರ್ಟ್‌ಗಳಲ್ಲಿ ನ್ಯೂರಿಲೆಮ್ಮೋಮಾ ಅಂತಲೂ ಬರೆದಿರುತ್ತಾರೆ, ಎರಡೂ ಒಂದೇ. ಇದರ ಸುತ್ತ ತೆಳು ಪೊರೆ ಇರುತ್ತದೆ. ನರದ ಎಳೆಗಳು ಗಂಟಿನೊಳಗೆ ಹರಡಿಕೊಂಡಿರೋದಿಲ್ಲ, ಹೆಚ್ಚಾಗಿ ಪಕ್ಕಕ್ಕೆ ಸರಿದಿರುತ್ತವೆ. ಅದಕ್ಕೇ ಅನುಭವ ಇರುವ ಸರ್ಜನ್ ಪೊರೆಯನ್ನ ಉದ್ದಕ್ಕೆ ಸೀಳಿ, ನರ ಉಳಿಸಿ, ಗಂಟನ್ನಷ್ಟೇ ಬಿಡಿಸಿ ತೆಗೆಯಬಹುದು. ನಿಮ್ಮ ಅವ್ವಗೆ ಮಾಡಿರೋದೂ ಬಹುಶಃ ಇದನ್ನೇ. ಡಿಸ್ಚಾರ್ಜ್ ಕಾರ್ಡ್‌ನಲ್ಲಿ ‘ಎನ್ಯೂಕ್ಲಿಯೇಶನ್’ ಅಂತ ಇದೆಯಾ ನೋಡಿ.

ತೆಗೆದ ಗಂಟು ಫಾರ್ಮಲಿನ್‌ನಲ್ಲಿ ಲ್ಯಾಬ್‌ಗೆ ಬರುತ್ತದೆ. ಅದರಿಂದ ತುಂಡುಗಳನ್ನ ತೆಗೆದು ಮೇಣದಲ್ಲಿ ಕೂರಿಸಿ, ಮೂರರಿಂದ ಐದು ಮೈಕ್ರಾನ್ ದಪ್ಪದ ಪದರಗಳಾಗಿ ಕೊಯ್ದು, ಬಣ್ಣ ಹಾಕಿ ನೋಡುತ್ತೇವೆ. ಕೋಶದ ನ್ಯೂಕ್ಲಿಯಸ್ ನೀಲಿ, ಉಳಿದದ್ದು ಗುಲಾಬಿ. ಮಾಮೂಲಿ ಶ್ವಾನ್ನೋಮಾದಲ್ಲಿ ಎರಡು ತರದ ಜಾಗ ಕಾಣುತ್ತವೆ. ಒಂದರಲ್ಲಿ ಉದ್ದುದ್ದ ಕೋಶಗಳು ಒತ್ತೊತ್ತಾಗಿ ಇರುತ್ತವೆ, ಇನ್ನೊಂದರಲ್ಲಿ ಕೋಶ ಕಡಿಮೆ, ನೀರುನೀರಾದ ಸಡಿಲ ಜಾಗ ಜಾಸ್ತಿ. ಸ್ವೀಡನ್ನಿನ ನಿಲ್ಸ್ ಅಂಟೋನಿ 1920ರಲ್ಲಿ ಇವನ್ನ ವಿವರಿಸಿದ್ದರಿಂದ ಇವತ್ತಿಗೂ ಅಂಟೋನಿ ಎ, ಅಂಟೋನಿ ಬಿ ಅಂತಲೇ ಕರೆಯುತ್ತೇವೆ. ಒತ್ತಾದ ಜಾಗದಲ್ಲಿ ಕೆಲವು ಕಡೆ ನ್ಯೂಕ್ಲಿಯಸ್‌ಗಳು ಪಂಕ್ತಿ ಊಟಕ್ಕೆ ಕೂತವರ ಹಾಗೆ ಎದುರುಬದುರು ಎರಡು ಸಾಲಾಗಿ ನಿಂತಿರುತ್ತವೆ, ನಡುವೆ ಖಾಲಿ ಗುಲಾಬಿ ಪಟ್ಟಿ. ಇದು ವೆರೊಕೆ ಬಾಡಿ. 1910ರಲ್ಲಿ ಹೊಸೆ ವೆರೊಕೆ ಬರೆದದ್ದು. ಇದು ಕಂಡರೆ ಶ್ವಾನ್ನೋಮಾ ಅಂತ ಹೇಳೋದು ಸುಲಭ. ಕಷ್ಟ ಇರೋದು ಇದು ಕಾಣದೇ ಬೇರೆ ಏನೇನೋ ಕಂಡಾಗ. ನಿಮ್ಮ ಅವ್ವನ ಗಂಟಿನಲ್ಲಿ ಅಂಥ ಎರಡು ಸಂಗತಿ ಒಟ್ಟಿಗೆ ಬಂದಿವೆ.

ಮೊದಲನೆಯದು ಏನ್ಶಿಯಂಟ್ ಚೇಂಜ್, ಅಂದರೆ ಗಂಟು ಹಳೆಯದಾಗಿ ಆದ ಬದಲಾವಣೆ. ಗಂಟು ವರ್ಷಾನುಗಟ್ಟಲೆ ಇದ್ದಾಗ ಒಳಗಿನ ರಕ್ತನಾಳಗಳ ಗೋಡೆ ದಪ್ಪಗಾಗಿ ಗಾಜಿನಂತಾಗುತ್ತದೆ, ಅಲ್ಲಲ್ಲಿ ಹಳೆಯ ರಕ್ತ ಸೋರಿದ ಕಂದು ಗುರುತು, ನೀರಿನ ಗುಳ್ಳೆ, ಕೊಬ್ಬು ತುಂಬಿದ ನೊರೆನೊರೆ ಕೋಶ, ಒಮ್ಮೊಮ್ಮೆ ಸುಣ್ಣ ಕಟ್ಟಿದ್ದೂ ಸಿಗುತ್ತದೆ. ಈ ಸವಕಲು ವಾತಾವರಣದಲ್ಲಿ ಕೆಲವು ಶ್ವಾನ್ ಕೋಶಗಳ ನ್ಯೂಕ್ಲಿಯಸ್ ವಿಪರೀತ ದೊಡ್ಡದಾಗುತ್ತದೆ. ಕಡು ನೀಲಿ, ಅಂಕುಡೊಂಕು. ಆದರೆ ಒಳಗಿನ ವಿವರ ಅಳಿಸಿದಂತೆ ಮಸುಕಾಗಿರುತ್ತದೆ. ಈ ವಿಕಾರವನ್ನೇ ರಿಪೋರ್ಟ್‌ನಲ್ಲಿ ನ್ಯೂಕ್ಲಿಯರ್ ಅಟಿಪಿಯಾ ಅಂತ ಬರೆದಿದ್ದಾರೆ. ಆಕರ್‌ಮನ್ ಮತ್ತು ಟೇಲರ್ ಅನ್ನುವವರು 1951ರಲ್ಲಿ ಎದೆಗೂಡಿನೊಳಗಿನ ನರಗಡ್ಡೆಗಳನ್ನ ನೋಡುತ್ತಾ ಇಂಥವಕ್ಕೆ ‘ಏನ್ಶಿಯಂಟ್’ ಅನ್ನುವ ಹೆಸರು ಕೊಟ್ಟರು. ಹೊಸಬರು ಇದನ್ನ ಸಾರ್ಕೋಮಾ, ಅಂದರೆ ಮೃದು ಅಂಗಾಂಶದ ಕ್ಯಾನ್ಸರ್, ಅಂದುಕೊಳ್ಳುವ ಅಪಾಯ ಆಗಲೂ ಇತ್ತು, ಈಗಲೂ ಇದೆ.

ಹಾಗಾದರೆ ಕ್ಯಾನ್ಸರ್ ಅಲ್ಲ ಅಂತ ಹೇಗೆ ಹೇಳೋದು? ಕೋಶ ಎಷ್ಟು ಕೆಟ್ಟದಾಗಿ ಕಾಣುತ್ತದೆ ಅನ್ನೋದೊಂದನ್ನೇ ನೋಡಿದರೆ ಹೇಳೋಕೆ ಆಗಲ್ಲ. ಅದು ಬೆಳೆಯುತ್ತಾ ಇದೆಯಾ ಅಂತ ನೋಡಬೇಕು. ಕ್ಯಾನ್ಸರ್‌ನಲ್ಲಿ ಕೋಶಗಳು ಒಂದು ಎರಡಾಗಿ ಒಡೆಯುತ್ತಿರುತ್ತವೆ, ಅದೇ ಮೈಟೋಸಿಸ್. ಕೋಶಗಳ ದಟ್ಟಣೆ ಏರಿರುತ್ತದೆ, ನಡುನಡುವೆ ಸತ್ತ ಪ್ರದೇಶಗಳು ಇರುತ್ತವೆ, ಅದೇ ನೆಕ್ರೋಸಿಸ್. ಏನ್ಶಿಯಂಟ್ ಚೇಂಜ್‌ನಲ್ಲಿ ವಿಕಾರದ ಕೋಶಗಳು ಚದುರಿಕೊಂಡು, ಸಡಿಲ ಜಾಗದಲ್ಲಿ, ಒಡೆಯದೆ ಸುಮ್ನೆ ಇರುತ್ತವೆ. ಈಗ ನಿಮ್ಮ ರಿಪೋರ್ಟ್ ಇನ್ನೊಮ್ಮೆ ಓದಿ. ‘ಮಾರ್ಕ್ಡ್ ಅಟಿಪಿಯಾ’ ಆದ ತಕ್ಷಣ ‘ನೋ ಮೈಟೋಸಿಸ್, ನೋ ನೆಕ್ರೋಸಿಸ್’ ಅಂತ ಇದೆ ಅಲ್ವಾ? ನೀವು ಮೊದಲ ಎರಡು ಪದಕ್ಕೆ ಹೆದರಿದಿರಿ. ಬರೆದವರು ಇಟ್ಟ ಒತ್ತು ಮುಂದಿನ ಮಾತಿನ ಮೇಲೆ.

ಎರಡನೆಯದು ಸೂಡೋಗ್ಲಾಂಡ್ಯುಲರ್. ಇದು ನಿಜಕ್ಕೂ ಅಪರೂಪ. ಸೂಡೋ ಅಂದರೆ ಹುಸಿ, ಗ್ಲಾಂಡ್ ಅಂದರೆ ಗ್ರಂಥಿ. ನರದ ಗಡ್ಡೆಯಲ್ಲಿ ಗ್ರಂಥಿಯಂತೆ ಕಂಡರೆ ಯಾವ ಪೆಥಾಲಜಿಸ್ಟ್‌ಗೂ ಮೊದಲು ಬರುವ ಯೋಚನೆ, ಸ್ತನದ್ದೋ ಹೊಟ್ಟೆಯದ್ದೋ ಕ್ಯಾನ್ಸರ್ ಇಲ್ಲಿಗೆ ಹರಡಿದೆಯಾ ಅಂತ. ಆದರೆ ಇಲ್ಲಿ ಆಗುವುದು ಬೇರೆ. ಸಡಿಲ ಜಾಗ ಸವೆದು ಸಣ್ಣ ಸಣ್ಣ ಪೊಳ್ಳು ಆಗುತ್ತವೆ. ಆ ಪೊಳ್ಳಿನ ಅಂಚಿನಲ್ಲಿರುವ ಶ್ವಾನ್ ಕೋಶಗಳು ತಮ್ಮ ಉದ್ದ ಆಕಾರ ಬಿಟ್ಟು ದುಂಡಗೆ, ಚೌಕಗೆ ಆಗಿ ಗೋಡೆಯ ಹಾಗೆ ಸಾಲುಗಟ್ಟುತ್ತವೆ. ನೋಡೋಕೆ ಗ್ರಂಥಿ, ಅಸಲಿಗೆ ಶ್ವಾನ್ ಕೋಶ. ಎಸ್-100 ಅನ್ನೋದು ಶ್ವಾನ್ ಕೋಶಗಳಲ್ಲಿರುವ ಒಂದು ಪ್ರೋಟೀನ್, ಅದನ್ನ ತೋರಿಸುವ ಬಣ್ಣ ಹಾಕಿದರೆ ಪೊಳ್ಳಿನ ಅಂಚಿನ ಕೋಶಗಳೂ ಉಳಿದ ಗಡ್ಡೆಯಷ್ಟೇ ಗಾಢವಾಗಿ ಬಣ್ಣ ಹಿಡಿಯುತ್ತವೆ. ನಿಜವಾದ ಗ್ರಂಥಿಯ ಕೋಶ ಆಗಿದ್ದರೆ ಕೆರಾಟಿನ್ ಅನ್ನುವ ಬೇರೆ ಪ್ರೋಟೀನ್‌ನ ಬಣ್ಣ ಹಿಡಿಯಬೇಕಿತ್ತು. ನಿಮ್ಮ ರಿಪೋರ್ಟ್‌ನಲ್ಲಿ ‘ಡಿಫ್ಯೂಸ್’ ಅಂತ ಇರುವುದಕ್ಕೆ ಅಷ್ಟು ಬೆಲೆ ಇದೆ, ಅಂದರೆ ಗಡ್ಡೆ ಪೂರ್ತಿ ಬಣ್ಣ ಹಿಡಿದಿದೆ. ಈ ಪರೀಕ್ಷೆಗೆ ಐಎಚ್‌ಸಿ ಅಂತಾರೆ, ಬಿಲ್‌ನಲ್ಲಿ ಹಾಗೇ ಬರೆದಿರುತ್ತಾರೆ.

ನರಗಡ್ಡೆಗಳು ಹೀಗೆ ವೇಷ ಹಾಕೋದರಲ್ಲಿ ಬಲು ಜೋರು. ಇನ್ನೂ ಕೆಲವು ಹೇಳುತ್ತೇನೆ, ಯಾಕೆಂದರೆ ನಾಳೆ ಇನ್ನೊಬ್ಬರ ರಿಪೋರ್ಟ್‌ನಲ್ಲಿ ಇವು ಬಂದಾಗ ಅವರೂ ಮೊಬೈಲ್ ನೋಡಿ ನಿದ್ದೆ ಕೆಡಿಸಿಕೊಳ್ಳುತ್ತಾರೆ. ‘ನ್ಯೂರೋಬ್ಲಾಸ್ಟೋಮಾ-ಲೈಕ್ ಶ್ವಾನ್ನೋಮಾ’ ಅಂತ ಒಂದಿದೆ. ನ್ಯೂರೋಬ್ಲಾಸ್ಟೋಮಾ ಅನ್ನೋದು ಮಕ್ಕಳಿಗೆ ಬರುವ ಕ್ಯಾನ್ಸರ್, ಹಾಗಾಗಿ ಹೆಸರು ಕೇಳಿದರೇ ಎದೆ ಝಲ್ ಅನ್ನುತ್ತದೆ. ಇಲ್ಲಿ ಸಣ್ಣ ದುಂಡು ಕೋಶಗಳು ಕೊಲಾಜೆನ್ ನಾರಿನ ಒಂದು ತಿರುಳಿನ ಸುತ್ತ ಬಳೆಯಾಕಾರದಲ್ಲಿ ಸೇರಿರುತ್ತವೆ, ಆ ನೋಟ ಆ ಕ್ಯಾನ್ಸರ್‌ನ ನೆನಪು ತರುತ್ತದೆ, ಅಷ್ಟೇ. ಗಡ್ಡೆ ಸಾಧುವಾದದ್ದೇ. ಮೈಕ್ರೋಸಿಸ್ಟಿಕ್ ಅಥವಾ ರೆಟಿಕ್ಯುಲರ್ ಅನ್ನುವ ಇನ್ನೊಂದು ಬಗೆಯನ್ನ 2008ರಲ್ಲಿ ಬೇರೆಯಾಗಿ ಗುರುತಿಸಿದರು. ಕೋಶಗಳು ಜಾಲ ಜಾಲವಾಗಿ ಹೆಣೆದುಕೊಂಡು ನಡುವೆ ಲೋಳೆ ತುಂಬಿರುತ್ತದೆ. ಇದು ಜಾಸ್ತಿ ಸಿಗೋದು ಹೊಟ್ಟೆ, ಕರುಳಿನ ಗೋಡೆಯಲ್ಲಿ. ಅಲ್ಲಿ ನರಗಡ್ಡೆ ಇರಬಹುದು ಅಂತ ಯಾರೂ ಥಟ್ಟನೆ ಯೋಚಿಸೋದಿಲ್ಲ, ಅದೇ ತೊಂದರೆ.

ಸೆಲ್ಯುಲರ್ ಶ್ವಾನ್ನೋಮಾದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1981ರಲ್ಲಿ ಇದನ್ನ ಬೇರೆ ಬಗೆ ಅಂತ ಬರೆದರು. ಇದು ಬೆನ್ನುಮೂಳೆಯ ಪಕ್ಕ, ಹೊಟ್ಟೆಯ ಹಿಂಭಾಗ, ಎದೆಗೂಡಿನ ಹಿಂಭಾಗದಲ್ಲಿ ಜಾಸ್ತಿ. ಪೂರ್ತಿ ಒತ್ತಾದ ಕೋಶಗಳೇ, ವೆರೊಕೆ ಬಾಡಿ ಕಾಣಿಸೋದಿಲ್ಲ. ಮೈಟೋಸಿಸ್ ಕೂಡ ಒಂದಿಷ್ಟು ಇರುತ್ತದೆ, ಪಕ್ಕದ ಮೂಳೆಯನ್ನೂ ಕೊರೆಯಬಹುದು. ಆದರೂ ಬೇರೆ ಅಂಗಕ್ಕೆ ಹರಡೋದಿಲ್ಲ. ಪೂರ್ತಿ ತೆಗೆಯದಿದ್ದರೆ ಅಲ್ಲೇ ಮತ್ತೆ ಬರಬಹುದು. ಅಂದರೆ ಅಟಿಪಿಯಾ ಕಂಡಿತು ಅಂತ ಕ್ಯಾನ್ಸರ್ ಅನ್ನೋಕಾಗಲ್ಲ, ಮೈಟೋಸಿಸ್ ಕಂಡಿತು ಅಂತಲೂ ಅನ್ನೋಕಾಗಲ್ಲ. ಎಲ್ಲವನ್ನೂ ಸೇರಿಸಿ ತೂಗಬೇಕು: ಎಲ್ಲಿಯ ಗಡ್ಡೆ, ಎಷ್ಟು ವರ್ಷದ್ದು, ಪೊರೆ ಇದೆಯಾ, ಎಸ್-100 ಹೇಗಿದೆ. ಒಂದೇ ಪದ ಹಿಡಿದು ಹುಡುಕುವ ಮೊಬೈಲ್‌ಗೆ ಈ ತೂಕ ಸಿಗೋದಿಲ್ಲ.

ಹಾಗಂತ ಎಲ್ಲ ಅಪರೂಪದ ಲಕ್ಷಣಗಳೂ ನಿರುಪದ್ರವಿ ಅಂತ ನಾನು ಹೇಳುತ್ತಿಲ್ಲ. ಮೂರು ಕಡೆ ಕಿವಿ ನಿಮಿರಬೇಕು.

ಒಂದು, ಗಡ್ಡೆಯಲ್ಲಿ ಕಪ್ಪು ಮೆಲನಿನ್ ಬಣ್ಣ ದಂಡಿಯಾಗಿ ಇದ್ದರೆ. ಇದನ್ನ ಮೊದಲು ಮೆಲನೋಟಿಕ್ ಶ್ವಾನ್ನೋಮಾ ಅಂತ ಕರೆದು ಸಾಧು ಗಡ್ಡೆಗಳ ಸಾಲಿನಲ್ಲೇ ಇಟ್ಟಿದ್ದರು. ಎಷ್ಟೋ ಗಡ್ಡೆಗಳು ಮರುಕಳಿಸಿ ಹರಡಿದ್ದನ್ನ ನೋಡಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣದಲ್ಲಿ ಹೆಸರಿನಲ್ಲೇ ‘ಮ್ಯಾಲಿಗ್ನಂಟ್’ ಸೇರಿಸಿದರು. ಹಳೆಯ ರಿಪೋರ್ಟ್‌ನಲ್ಲಿ ಯಾರಿಗಾದರೂ ಮೆಲನೋಟಿಕ್ ಶ್ವಾನ್ನೋಮಾ ಅಂತ ಇದ್ದರೆ ದಯವಿಟ್ಟು ಫಾಲೋಅಪ್ ಬಿಡಬೇಡಿ. ಅದರ ಜೊತೆ ಮುಖದ ಮೇಲೆ, ತುಟಿಯ ಮೇಲೆ ಕಪ್ಪು ಚುಕ್ಕೆಗಳಿದ್ದರೆ ಹೃದಯದ ಎಕೋ ಕೂಡ ಮಾಡಿಸಬೇಕು. ಕಾರ್ನಿ ಕಾಂಪ್ಲೆಕ್ಸ್ ಅನ್ನುವ ಕಾಯಿಲೆಯಲ್ಲಿ ಹೃದಯದೊಳಗೂ ಗಡ್ಡೆ ಬೆಳೆಯುತ್ತದೆ.

ಎರಡು, ಅಟಿಪಿಯಾ ಕಂಡದ್ದು ನ್ಯೂರೋಫೈಬ್ರೋಮಾದಲ್ಲಿ ಆಗಿದ್ದರೆ. ನ್ಯೂರೋಫೈಬ್ರೋಮಾ ಕೂಡ ಸಾಧುವಾದ ನರಗಡ್ಡೆಯೇ, ಆದರೆ ಅದರಲ್ಲಿ ಶ್ವಾನ್ ಕೋಶದ ಜೊತೆ ಬೇರೆ ಕೋಶಗಳೂ ಸೇರಿರುತ್ತವೆ, ನರದ ಎಳೆಗಳು ಗಡ್ಡೆಯೊಳಗೇ ಹಾದುಹೋಗಿರುತ್ತವೆ. ಅದರಲ್ಲೂ ಅಪರೂಪದ ನೋಟಗಳಿವೆ. ಚರ್ಮದ ಸ್ಪರ್ಶಗ್ರಾಹಿಗಳನ್ನ ಹೋಲುವ ಸಣ್ಣ ಪದರುಂಡೆಗಳು, ನ್ಯೂಕ್ಲಿಯಸ್‌ಗಳು ಹೂವಿನೆಸಳಿನಂತೆ ಸುತ್ತ ಜೋಡಿಸಿಕೊಂಡ ದೈತ್ಯ ಕೋಶಗಳು, ಕೊಬ್ಬು, ಬಣ್ಣ. ಇವುಗಳಿಂದ ಅಪಾಯ ಇಲ್ಲ. ಆದರೆ ಎನ್‌ಎಫ್-1 ಅನ್ನುವ ವಂಶವಾಹಿ ಕಾಯಿಲೆ ಇರುವವರ ಆಳದ ನ್ಯೂರೋಫೈಬ್ರೋಮಾದಲ್ಲಿ ಅಟಿಪಿಯಾ ಜೊತೆ ಕೋಶ ದಟ್ಟಣೆ, ಮೈಟೋಸಿಸ್ ಸೇರಿಕೊಂಡರೆ ಅದು ಕ್ಯಾನ್ಸರ್ ದಾರಿಯಲ್ಲಿ ಇರಬಹುದು. ಅಂದರೆ ಅದೇ ಅಟಿಪಿಯಾ ಶ್ವಾನ್ನೋಮಾದಲ್ಲಿ ಬಂದರೆ ಒಂದು ಅರ್ಥ, ಇಲ್ಲಿ ಬಂದರೆ ಬೇರೆ ಅರ್ಥ. ‘ಪ್ಲೆಕ್ಸಿಫಾರ್ಮ್’, ಅಂದರೆ ಜಡೆ ಹೆಣೆದ ಹಾಗೆ ಗಂಟುಗಂಟಾಗಿ ಬೆಳೆದದ್ದು, ಅನ್ನುವ ಪದವೂ ಹೀಗೇ. ಪ್ಲೆಕ್ಸಿಫಾರ್ಮ್ ನ್ಯೂರೋಫೈಬ್ರೋಮಾ ಎನ್‌ಎಫ್-1ಗೆ ಗಟ್ಟಿಯಾಗಿ ಅಂಟಿಕೊಂಡದ್ದು, ಪ್ಲೆಕ್ಸಿಫಾರ್ಮ್ ಶ್ವಾನ್ನೋಮಾಗೆ ಆ ನಂಟಿಲ್ಲ. ಓದುವಾಗ ಕೊನೆಯ ಪದ ಬಿಡಬೇಡಿ.

ಮೂರು, ಎಸ್-100 ಅಲ್ಲಲ್ಲಿ ಮಾತ್ರ ಬಣ್ಣ ಹಿಡಿದಿದ್ದು ಕೋಶಗಳು ದಟ್ಟವಾಗಿದ್ದರೆ. ಕ್ಯಾನ್ಸರ್ ಆದ ನರಗಡ್ಡೆಗಳಲ್ಲಿ ಈ ಬಣ್ಣ ಸಾಮಾನ್ಯವಾಗಿ ಚೆದುರಿಹೋಗುತ್ತದೆ ಇಲ್ಲವೇ ಇರುವುದೇ ಇಲ್ಲ. ಆಗ ಇನ್ನೂ ಕೆಲವು ಸ್ಟೇನ್ ಬೇಕಾಗುತ್ತವೆ. ನಿಮ್ಮ ಅವ್ವನ ವಿಷಯದಲ್ಲಿ ಈ ಮೂರೂ ಇಲ್ಲ.

ನಮ್ಮ ಭಾಗದವರಿಗೆ ಅಂತಲೇ ಒಂದು ಮಾತು ಸೇರಿಸುತ್ತೇನೆ. ಮೊಣಕೈ ಹತ್ತಿರ ಅಲ್ನಾರ್ ನರ ದಪ್ಪ ಆಗಿದೆ ಅಂದರೆ ಕಲಬುರಗಿ, ಬೀದರ್, ಯಾದಗಿರಿಯ ಯಾವ ಹಿರಿಯ ವೈದ್ಯರೂ ಮೊದಲು ಕುಷ್ಠರೋಗ ಅಲ್ಲವಲ್ಲ ಅಂತ ನೋಡುತ್ತಾರೆ, ನೋಡಲೇಬೇಕು. ದೇಶಮಟ್ಟದಲ್ಲಿ ಕುಷ್ಠ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲ ಅಂತ 2005ರ ಕೊನೆಯಲ್ಲಿ ಹೇಳಿದ್ದು ನಿಜ, ಆದರೆ ಹೊಸ ರೋಗಿಗಳು ಈಗಲೂ ಬರುತ್ತಾರೆ. ಕುಷ್ಠದಲ್ಲಿ ನರದೊಳಗೆ ಬಾವು ಕಟ್ಟಿ ಥೇಟ್ ಗಡ್ಡೆಯಂತೆ ಉಬ್ಬಬಹುದು, ಸ್ಕ್ಯಾನ್‌ನಲ್ಲೂ ಗೊಂದಲ ಆಗಬಹುದು. ಮೈಕ್ರೋಸ್ಕೋಪ್ ಕೆಳಗೆ ಮಾತ್ರ ಎರಡೂ ಬೇರೆಬೇರೆ. ಕುಷ್ಠದಲ್ಲಿ ಶ್ವಾನ್ ಕೋಶಗಳ ಗಡ್ಡೆ ಇರೋದಿಲ್ಲ, ಉರಿಯೂತದ ಗಂಟುಗಳು ನರವನ್ನ ತಿಂದಿರುತ್ತವೆ, ಫೈಟ್-ಫರಾಕೊ ಅನ್ನುವ ಬಣ್ಣ ಹಾಕಿದರೆ ಕೆಲವರಲ್ಲಿ ರೋಗಾಣುವೂ ಕಾಣುತ್ತದೆ. ಹಾಗಾಗಿ ನರದ ಗಂಟು ತೆಗೆಸುವವರು, ‘ಮಾಮೂಲಿ ಗಂಟು, ಬಯಾಪ್ಸಿ ಬೇಡ’ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಕುಷ್ಠ ಆಗಿದ್ದರೆ ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧಿ ಇದೆ, ಬೇಗ ಶುರು ಮಾಡಿದರೆ ಕೈ ಉಳಿಯುತ್ತದೆ.

ಇನ್ನು ನೀವು ಮಾಡಬೇಕಾದ್ದು. ರಿಪೋರ್ಟ್ ಬರೆದ ಪೆಥಾಲಜಿಸ್ಟ್‌ರನ್ನ ಹೋಗಿ ಕಾಣಿ. ಜನ ಸರ್ಜನ್ ಹತ್ತಿರ ಹತ್ತು ಸಲ ಹೋಗುತ್ತಾರೆ, ರಿಪೋರ್ಟ್ ಬರೆದವರನ್ನ ಒಮ್ಮೆಯೂ ಕಾಣೋದಿಲ್ಲ. ರಿಪೋರ್ಟ್ ಹಿಡಿದು ಬಂದವರಿಗೆ ನಾವು ಹೇಳಲೇಬೇಕು, ಅದು ನಮ್ಮ ಕೆಲಸ. ನನ್ನ ಅಭಿಪ್ರಾಯದಲ್ಲಿ ಇಂಥ ರಿಪೋರ್ಟ್‌ಗಳ ಮೊದಲ ಸಾಲಿನಲ್ಲೇ ‘ಬಿನೈನ್’ ಅಂತ, ಅಂದರೆ ಕ್ಯಾನ್ಸರ್ ಅಲ್ಲ ಅಂತ, ದಪ್ಪಕ್ಷರದಲ್ಲಿ ಇರಬೇಕು. ವಿವರ ಕೆಳಗೆ ಬರಲಿ. ಮೂರು ಪ್ರಶ್ನೆ ಕೇಳಿ: ಗಂಟಿನಿಂದ ಎಷ್ಟು ತುಂಡು ತೆಗೆದು ನೋಡಿದಿರಿ, ಒತ್ತಾದ ಜಾಗದಲ್ಲೂ ಮೈಟೋಸಿಸ್ ಇರಲಿಲ್ಲವಾ, ಪೊರೆ ಪೂರ್ತಿ ಇತ್ತಾ.

ಅದಾದ ಮೇಲೂ ಮಾವನವರಿಗೆ ಸಮಾಧಾನ ಆಗದಿದ್ದರೆ ಸ್ಲೈಡ್ ಮತ್ತು ಮೇಣದ ಬ್ಲಾಕ್ ಎರಡನ್ನೂ ಕೇಳಿ ಪಡೆಯಿರಿ. ಅರ್ಜಿ ಬರೆದು ಸಹಿ ಮಾಡಿದರೆ ಕೊಡುತ್ತಾರೆ. ಮೃದು ಅಂಗಾಂಶದ ಗಡ್ಡೆಗಳನ್ನ ಜಾಸ್ತಿ ನೋಡುವ ಪೆಥಾಲಜಿಸ್ಟ್‌ಗೆ ತೋರಿಸಿ, ಮೆಡಿಕಲ್ ಕಾಲೇಜಾದರೂ ಸರಿ, ಕ್ಯಾನ್ಸರ್ ಆಸ್ಪತ್ರೆಯಾದರೂ ಸರಿ. ಬರೀ ಸ್ಲೈಡ್ ಒಯ್ಯಬೇಡಿ, ಎಂಆರ್‌ಐ ಆಗಿದ್ದರೆ ಅದು, ಡಿಸ್ಚಾರ್ಜ್ ಕಾರ್ಡ್, ಗಂಟು ಎಷ್ಟು ವರ್ಷ ಇತ್ತು ಅನ್ನುವ ಒಂದು ಚೀಟಿ, ಎಲ್ಲ ಒಟ್ಟಿಗೆ ಇರಲಿ. ಗಂಟು ಹನ್ನೆರಡು ವರ್ಷದ್ದು ಅನ್ನುವ ಒಂದೇ ಸಾಲು ನೋಡುವವರ ಯೋಚನೆಯನ್ನ ಸರಿದಾರಿಗೆ ತರುತ್ತದೆ. ಬ್ಲಾಕ್‌ನ ಮೇಣ ಕರಗೋದು ಸುಮಾರು 56ರಿಂದ 60 ಡಿಗ್ರಿಯಲ್ಲಿ. ನಮ್ಮ ಕಡೆಯ ಮೇ ಬಿಸಿಲಲ್ಲಿ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಅದು ಹಾಳಾಗೋಕೆ ಅಷ್ಟು ಸಾಕು, ಹಾಗಾಗಿ ಕೈಚೀಲದಲ್ಲಿ ನೆರಳಲ್ಲಿ ಇಟ್ಟುಕೊಳ್ಳಿ. ವಾಪಸ್ ತಂದು ಲ್ಯಾಬ್‌ಗೆ ಕೊಡಿ. ಮುಂದೆ ಯಾವತ್ತಾದರೂ ಬೇಕಾಗಬಹುದು.

ಒಮ್ಮೆ ಅವ್ವನ ಮೈಯೆಲ್ಲ ನೋಡಿ. ಇನ್ನೂ ಇಂಥ ಗಂಟುಗಳು ಇವೆಯಾ? ಹಾಲು ಹಾಕಿದ ಕಾಫಿ ಬಣ್ಣದ ಮಚ್ಚೆಗಳು, ಒಂದೂವರೆ ಸೆಂಟಿಮೀಟರ್‌ಗಿಂತ ದೊಡ್ಡವು, ಆರೋ ಹೆಚ್ಚೋ ಇವೆಯಾ? ಕಂಕುಳಲ್ಲಿ ಚುಕ್ಕೆಗಳಿವೆಯಾ? ಕಿವಿ ಮಂದ ಆಗಿದೆಯಾ? ಇದ್ದರೆ ವೈದ್ಯರಿಗೆ ಹೇಳಿ, ಎನ್‌ಎಫ್ ಕಾಯಿಲೆಗಳ ಸುಳಿವು ಅವು. ಒಂದೇ ಒಂಟಿ ಗಂಟು ಆಗಿದ್ದರೆ, ಹೆಚ್ಚಿನವರಲ್ಲಿ ಹಾಗೇ ಇರುತ್ತದೆ, ಮಕ್ಕಳಿಗೆ ಬರುತ್ತದಾ ಅಂತ ಚಿಂತೆ ಬೇಡ.

ಆಪರೇಷನ್ ಆದ ಕೈಯನ್ನ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸರ್ಜನ್‌ಗೆ ತೋರಿಸಿದರೆ ಸಾಕು. ಅದೇ ಜಾಗದಲ್ಲಿ ಮತ್ತೆ ಗಂಟು ಬಂದು ಬೇಗ ಬೇಗ ಬೆಳೆದರೆ, ರಾತ್ರಿ ನೋವು ಜಾಸ್ತಿ ಆದರೆ, ಬೆರಳಿನ ಬಲ ಕಡಿಮೆ ಆಗುತ್ತಾ ಹೋದರೆ ಮಾತ್ರ ಕಾಯಬೇಡಿ, ತಕ್ಷಣ ಹೋಗಿ. ಕಿರುಬೆರಳಲ್ಲಿ ಸ್ವಲ್ಪ ಜೋಮು ಕೆಲವು ತಿಂಗಳು ಉಳಿಯಬಹುದು. ಅದು ಇರುವ ತನಕ ಅವ್ವ ಒಲೆ ಮುಂದೆ ಕೂತಾಗ ಹುಷಾರು, ಜೋಮಿನ ಬೆರಳು ಹಂಚಿಗೆ ತಾಗಿದರೂ ಗೊತ್ತಾಗೋದಿಲ್ಲ. ರೊಟ್ಟಿ ತಿರುವೋದನ್ನ ಸದ್ಯಕ್ಕೆ ಮನೆಯಲ್ಲಿ ಬೇರೆ ಯಾರಾದರೂ ವಹಿಸಿಕೊಳ್ಳಿ.